ವಾನಳ್ಳಿಯಲ್ಲಿ ಹಾಕಿಟ್ಟ ಎರಡು ಬಾಳೆ

ಈಗ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನದ ಡೈರಿಯಲ್ಲಿರುವುದು ನಾಲ್ಕೇ ಸಾಲು. ಉಳಿದದ್ದನ್ನು ನೆನಪು ತನಗೆ ಬೇಕಾದಂತೆ ತುಂಬಿಕೊಂಡಿರಲೂಬಹುದು. ಧಾರವಾಡದಲ್ಲಿ ಬಿ.ಎ. ಮುಗಿಸಿ, ಕನ್ನಡಕ ಹಾಕಿಕೊಂಡು ಬಂದ ಹುಡುಗಿಯಾದ ನನಗೆ ಇಂಥ ನಂಬಲಾಗದ ಕಥೆಗಳೆಂದರೆ ನಗು. ಹೇಳುವವರನ್ನು ಪ್ರಶ್ನೆ ಕೇಳಿ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ.

ಕರನಿರಾಕರಣೆಯ ಗಲಾಟೆ ತಣ್ಣಗಾದ ಮೇಲಿನ ಮಾತು. ಶಿರಸಿಯ ನಮ್ಮ ಮನೆಯಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಮದುವೆಯ ಮೊದಲ ಕರೆಯ ಕಾಗದ ಮೂಲಮನೆಯ ದೇವರಿಗೆ ಹೋಗಬೇಕು. ಆದರೆ ಮೂಲಮನೆ ಎಲ್ಲಿ? ಹಿಂದೆಂದೋ ಘಟ್ಟದ ಕೆಳಗಿನಿಂದ ಅಣ್ಣತಮ್ಮ ಇಬ್ಬರು ಹತ್ತಿ ಬಂದರು, ತಮ್ಮನ ಸಂತಾನ ನಾವು, ದೇವರು ಅಣ್ಣನ ಪಾಲಿಗೆ ಹೋಯಿತು. ಅಜ್ಜನಿಗೆ ಗೊತ್ತಿದ್ದದ್ದು ಇಷ್ಟೇ. ಅಪ್ಪಯ್ಯನ ಮದುವೆಯಲ್ಲೂ ಆ ಕಾಗದ ವಿಳಾಸವಿಲ್ಲದೆ ಮನೆಯಲ್ಲೇ ಉಳಿದಿತ್ತಂತೆ. “ಆನು ಹೋಪದ್ರೊಳಗೆ ಒಂದು ಸಲನಾದ್ರೂ ಅದು ಮುಟ್ಟವು, ಕೂಸೇ” ಎನ್ನುತ್ತಿದ್ದ ಅಜ್ಜ; ಸಾಯುವ ಮೊದಲು ಕಾಗದ ತಲುಪಲೇಬೇಕೆಂಬ ಹಂಬಲ ಅವನಿಗೆ. ನಾನು ಸಿದ್ದಾಪುರ, ಯಲ್ಲಾಪುರದ ನೆಂಟರ ಮನೆಗಳಲ್ಲೆಲ್ಲ ವಿಚಾರಿಸಿ ಬರಿಗೈಯಲ್ಲಿ ಬಂದಿದ್ದೆ.

ಒಂದು ದಿನ ಅಪ್ಪಯ್ಯನೂ ನಾನೂ ವಾನಳ್ಳಿ ಕಡೆ ಪರಿಚಯದವರೊಬ್ಬರನ್ನು ಮದುವೆಗೆ ಕರೆಯಲು ಹೊರಟು, ದಾರಿ ತಪ್ಪಿ, ಗುರುತಿಲ್ಲದ ಮನೆಯೊಂದರ ಮುಂದೆ ನಿಂತೆವು. ಮಧ್ಯಾಹ್ನವಾಗಿತ್ತು. ನೀರು ಕೇಳುವ ಮೊದಲೇ ವಯಸ್ಸಾದ ಅಮ್ಮಮ್ಮ ಒಬ್ಬರು ಹೊರಗೆ ಬಂದು, “ಎಂತಕ್ಕೆ ಇಷ್ಟು ತಡ? ಕೈಕಾಲು ತೊಳ್ಕಂಡು ಬನ್ನಿ, ಬಾಳೆ ಹಾಕಿ ಆತು” ಎಂದರು. ಒಳಗೆ ಎರಡು ಬಾಳೆಲೆ ಹೆಚ್ಚಿಗೆ ಹಾಕಿಟ್ಟಿತ್ತು. ಬೇರೆ ಯಾರನ್ನೋ ಕಾಯುತ್ತಿರಬೇಕು ಎಂದುಕೊಂಡೆವು. ಹಸಿದಿದ್ದೆವು, ತಿದ್ದಲು ಹೋಗಲಿಲ್ಲ.

ನಮ್ಮ ಮನೆಯಲ್ಲೊಂದು ಪದ್ಧತಿಯಿದೆ. ಬಡಿಸುವ ಮೊದಲು ಆಯಿ ಅನ್ನದ ಪಾತ್ರೆಯ ಅಂಚಿಗೆ ಸಟ್ಟುಗದಿಂದ ಎರಡು ಸಲ ಬಡಿದು ನಿಲ್ಲುತ್ತಾಳೆ. ನಾವು “ಇನ್ನೊಂದು ಹೊಟ್ಟೆ ಇದ್ದು!” ಎಂದು ಕೂಗಿದ ಮೇಲೆಯೇ ಮೂರನೆಯ ಬಡಿತ, ಆಮೇಲೆ ಅನ್ನ. “ನಿಂಗ್ಳ ಮನೇಲಿ ಊಟಕ್ಕೂ ಮಂತ್ರ ಇದ್ದಾ?” ಎಂದು ಶಿರಸಿಯಲ್ಲಿ ನಗದವರಿಲ್ಲ.

ಆ ಅಮ್ಮಮ್ಮ ಎರಡು ಸಲ ಬಡಿದು ನಿಂತರು. ಅಪ್ಪಯ್ಯನೂ ನಾನೂ ಒಟ್ಟಿಗೇ ಕೂಗಿಬಿಟ್ಟೆವು! ಅವರು ಸಟ್ಟುಗ ಹಿಡಿದುಕೊಂಡೇ ನಕ್ಕರು, ಅತ್ತರು, ಮತ್ತೆ ನಕ್ಕರು. “ಆ ತಮ್ಮ, ದೇವರನ್ನ ಬಿಟ್ಟಿಕ್ಕೆ ಸಟ್ಟುಗ ತಗಂಡು ಹೋದ್ನಲೇ!” ನಾವು ಹುಡುಕುತ್ತಿದ್ದ ಅಣ್ಣನ ಮನೆ ಅದೇ. ಅಪ್ಪಯ್ಯ ಅಷ್ಟು ಅನ್ನ ಉಂಡದ್ದನ್ನು ನಾನು ಮತ್ತೆಂದೂ ನೋಡಿಲ್ಲ.

ಕೈ ತೊಳೆಯುವಾಗ ಅವರನ್ನು ಕೇಳಿದೆ, ಬಾಳೆ ಹಾಕಿಟ್ಟದ್ದು ಯಾರಿಗೆ ಎಂದು.

“ನಿಂಗಕ್ಕೇಯ. ನಿನ್ನೆ ನಿನ್ನ ಅಜ್ಜ ಬಂದಿದ್ನಲೇ. ಯಾರ ಪೈಕಿ ಹೇಳಿ ಹೇಳಿದ್ನಿಲ್ಲೆ. ನಾಳೆ ಮಗ, ಕನ್ನಡಕದ ಮೊಮ್ಮಗಳು ಬತ್ತ ಹೇಳಿಕ್ಕೆ, ಬೆಲ್ಲ ನೀರು ಕುಡ್ಕಂಡು ಹೋದ. ಒಂದೇ ಕಿವಿಲಿ ಒಂಟಿ.”

ಅಜ್ಜನಿಗೂ ಒಂದೇ ಕಿವಿಯಲ್ಲಿ ಒಂಟಿ, ಗಂಡಸರ ಆ ಕಿವಿಯೋಲೆ. ಆದರೆ ಆತ ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಮಂಚ ಬಿಟ್ಟು ಇಳಿದವನಲ್ಲ. ಒಂಟಿಯ ಮಾತನ್ನು ಅವರಾಗಿಯೇ ಹೇಳಿದರೋ, ನಾನು ಕೇಳಿದ್ದಕ್ಕೆ ಹೂಂ ಎಂದರೋ, ಈಗ ಖಾತ್ರಿಯಿಲ್ಲ. ಕನ್ನಡಕದ ಮಾತು ಮಾತ್ರ ಅವರದೇ.

ಮನೆಗೆ ಬಂದು ಸುದ್ದಿ ಹೇಳಿದಾಗ ಅಜ್ಜ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಕರೆಯ ಕಾಗದ ತರಿಸಿ, ತಾನೇ ವಿಳಾಸ ಬರೆದ. ಆಗ ಕೇಳಿದೆ. ಮದುವೆಯ ಗದ್ದಲದ ನಡುವೆಯೂ ಕೇಳಿದೆ. ಪ್ರತಿ ಸಲವೂ ನಕ್ಕನೇ ಹೊರತು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕೊನೆಯ ಸಲ ಕೇಳಿದಾಗಲೂ ನಕ್ಕ ಅಷ್ಟೇ, ನನ್ನ ಪ್ರಶ್ನೆಯೂ ಅದೇ:

“ಅಜ್ಜಾ, ಖರೆ ಹೇಳು, ನೀ ವಾನಳ್ಳಿಗೆ ಹೋಗಿದ್ಯಾ?”