ತಪಕೀರಿನ ಡಬ್ಬಿ ಕೊರೆದವನು

ನಿವೃತ್ತನಾದ ಮೇಲೆ ನಾನು ಮಾಡಿದ ದೊಡ್ಡ ತಪ್ಪೆಂದರೆ ಒಂದು ಭೂತಗನ್ನಡಿ ಕೊಂಡದ್ದು. ನೋಂದಣಿ ಕಚೇರಿಯ ಗುಮಾಸ್ತನಾಗಿ ಸೇಡಂ, ಚಿತ್ತಾಪುರ, ಚಿಂಚೋಳಿ ಎಂದು ತಿರುಗುತ್ತ, ಜನರ ಸಹಿ ಮತ್ತು ಹೆಬ್ಬೆಟ್ಟುಗಳನ್ನು ತಾಳೆ ನೋಡುತ್ತ ಆಯುಷ್ಯ ಕಳೆದವನು ನಾನು. ಕಚೇರಿ ಬಿಟ್ಟಿತು, ಅನುಮಾನ ಬಿಡಲಿಲ್ಲ. ಮನೆಗೆ ತೊಗರಿಬೇಳೆ ಬಂದರೂ ಇದು ನಮ್ಮ ಕಡೆಯದ್ದು ಹೌದೋ ಅಲ್ಲವೋ ಎಂದು ಗಾಜು ಹಿಡಿದು ಕೂರುತ್ತೇನೆ. "ನನ್ನ ಮಾರೀನೂ ಒಮ್ಮೆ ಅದರಾಗ ನೋಡ್ರಿ, ಅಸಲಿ ಅದನೋ ನಕಲಿ ಅದನೋ ತಿಳೀತದ" ಎಂದು ಹೆಂಡತಿ ಸುಭದ್ರಾ ಛೇಡಿಸುತ್ತಾಳೆ. ಆ ಪರೀಕ್ಷೆಗೆ ನಾನು ಇಳಿದಿಲ್ಲ. ಅಷ್ಟು ಬುದ್ಧಿ ಇನ್ನೂ ಉಳಿದಿದೆ.

ಇಂಥವನ ಕೈಗೆ ಮೊಬೈಲಿನಲ್ಲಿ ಒಂದು ದಿನ ಸ್ಕ್ರಿಮ್‌ಶಾ ಎಂಬ ವಿದ್ಯೆ ಸಿಕ್ಕಿತು. ತಿಮಿಂಗಿಲದ ಬೇಟೆಗೆ ಹೋದ ಹಡಗಿನವರು ತಿಂಗಳುಗಟ್ಟಲೆ ನೀರಿನ ಮೇಲೆ ಹೊತ್ತು ಹೋಗದೆ, ಅದರ ಹಲ್ಲಿನ ಮೇಲೆ ಸೂಜಿಯಿಂದ ಚಿತ್ರ ಕೊರೆದು ಗೀರಿಗೆ ಮಸಿ ತುಂಬುತ್ತಿದ್ದರಂತೆ. ಒಂದು ಹಡಗು, ಊರಲ್ಲಿ ಬಿಟ್ಟುಬಂದ ಹೆಂಡತಿ, ಮತ್ತೆ ಇನ್ನೊಂದು ಹಡಗು. ಹೆಸರು ಹಾಕಿದವರು ತೀರಾ ಕಡಿಮೆ. ಆ ಸ್ಕ್ರಿಮ್‌ಶಾ ಎಂಬ ಶಬ್ದಕ್ಕೇ ತಂದೆತಾಯಿ ಯಾರೆಂದು ಪಂಡಿತರಿಗೆ ಗೊತ್ತಿಲ್ಲವಂತೆ. ಈಗ ಪ್ಲಾಸ್ಟಿಕ್ಕಿನ ಹಲ್ಲುಗಳೂ ಬಂದಿರುವುದರಿಂದ, ಇದು ಅಸಲಿಯೇ, ಕೊರೆದವನು ಯಾರು ಎಂದು ಪತ್ತೆ ಹಚ್ಚುವ ತಜ್ಞರಿದ್ದಾರೆ. ಕಾದ ಸೂಜಿ ತಾಗಿಸಿ ವಾಸನೆ ನೋಡುತ್ತಾರೆ. ಗೀರು ಎತ್ತ ವಾಲಿದೆ, ಎಲ್ಲಿ ಆಳ, ಎಲ್ಲಿ ತೆಳು ಎಂದು ಹುಡುಕುತ್ತಾರೆ. ಓದುತ್ತ ನನಗೆ ಹೊಟ್ಟೆಕಿಚ್ಚಾಯಿತು. ಕಾಗಿಣಾ ಹೊಳೆಗಿಂತ ದೊಡ್ಡ ನೀರು ಕಾಣದ ನನಗೆ ತಿಮಿಂಗಿಲದ ಹಲ್ಲು ಎಲ್ಲಿಂದ ಬರಬೇಕು?

ಹಲ್ಲು ಬರಲಿಲ್ಲ, ಕೋಡು ಬಂತು. ಅದೂ ಒಂದಲ್ಲ, ಎರಡು.

ಸುಭದ್ರಾ ಶಹಾಬಾದಿನವಳು. ಅವಳ ಓಣಿಯಲ್ಲೇ ಬೆಳೆದ ಅಕ್ಕತಂಗಿಯರು ನೀಲಮ್ಮ ಮತ್ತು ಕಮಲಮ್ಮ. ನೀಲಮ್ಮನನ್ನು ಸುಲೇಪೇಟಕ್ಕೂ ಕಮಲಮ್ಮನನ್ನು ಆಡಕಿಗೂ ಕೊಟ್ಟಿದ್ದಾರೆ. ಇವರ ತಂದೆ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿದವನು. ಕೈಬಿಡುವಿನಲ್ಲಿ ಎಮ್ಮೆ ಕೋಡಿನಿಂದ ತನಗಾಗಿ ಒಂದು ತಪಕೀರಿನ, ಅಂದರೆ ನಶ್ಯದ, ಡಬ್ಬಿ ಮಾಡಿಕೊಂಡಿದ್ದ. ಅವನು ತೀರಿ ಎಷ್ಟೋ ವರ್ಷಗಳಾದವು. ಹೋದ ವರ್ಷ ತಾಯಿಯೂ ಹೋದಳು. ಅವಳ ದಿನಕರ್ಮದ ಹೊತ್ತಿಗೆ ಅಪ್ಪನ ನೆನಪು ಎಂದು ನೀಲಮ್ಮ ತನ್ನ ಡಬ್ಬಿ ತೆಗೆದಳು. ಕಮಲಮ್ಮನೂ ತನ್ನ ಸೆರಗಿನಿಂದ ಅಂಥದ್ದೇ ಒಂದನ್ನು ತೆಗೆದಳು. "ಇದು ನಿಮ್ಮಪ್ಪನ ಡಬ್ಬಿ, ಜ್ವಾಕಿ" ಎಂದು ತಾಯಿ ಇಬ್ಬರಿಗೂ ಬೇರೆ ಬೇರೆಯಾಗಿ, ಗುಟ್ಟಾಗಿ ಕೊಟ್ಟಿದ್ದಳು. ಅಂದರೆ ಒಬ್ಬ ಮಗಳಿಗೆ ಖರೇದು ಕೊಟ್ಟು, ಇನ್ನೊಬ್ಬಳಿಗೆ ಬಜಾರಿನದು ಕೊಟ್ಟು ಸಮಾಧಾನ ಮಾಡಿದ್ದಾಳೆ. ಯಾರಿಗೆ ಯಾವುದು? ಅವತ್ತು ಅಕ್ಕತಂಗಿಯರ ನಡುವೆ ನಿಂತ ಮಾತು ವರ್ಷವಾದರೂ ಮತ್ತೆ ಶುರುವಾಗಲಿಲ್ಲ.

ನನ್ನ ಗಾಜಿನ ಮಹಿಮೆಯನ್ನು ಸುಭದ್ರಾ ಫೋನಿನಲ್ಲಿ ಇಬ್ಬರಿಗೂ ಹೇಳಿ, ಒಂದೇ ದಿನಕ್ಕೆ ಕರೆದಳು. ಬೇರೆ ಬೇರೆ ಬಸ್ಸಿಗೆ ಬಂದು, ನಮ್ಮ ಪಡಸಾಲೆಯ ಎರಡು ತುದಿಗೆ ಕೂತರು.

"ಮಾಮಾ, ನೀವು ಏನ್ ಅಂತೀರಿ ಅದೇ ಕಡೀ ಮಾತು. ಆದ್ರ ಖರೇ ಹೇಳ್ರಿ" ಎಂದಳು ನೀಲಮ್ಮ.

"ನಂದು ನಕಲಿ ಇದ್ರ ನಕಲಿ ಅಂತ ಹೇಳ್ರಿ" ಎಂದಳು ಕಮಲಮ್ಮ. "ಅವ್ವ ನನಗ ಸುಳ್ಳು ಹೇಳ್ಯಾಳೇನು ಅಂತ ಒಂದು ತಿಳೀಬೇಕು."

ಆ ಮಾತಿಗೆ ನಾನು ಹೆದರಿ ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ. ಸೂಜಿ ಕಾಯಿಸಿ ಎರಡೂ ಡಬ್ಬಿಗಳ ಒಳಬುಡಕ್ಕೆ ತಾಗಿಸಿದೆ. ಕೂದಲು ಸುಟ್ಟ ವಾಸನೆ ಬಂತು. "ಯಾರ ಚಂಡಿಕಿ ಸುಟ್ಟೀರಿ?" ಎಂದು ಅಡುಗೆಮನೆಯಿಂದ ಕೇಳಿದಳು ಸುಭದ್ರಾ. ಎರಡೂ ಕೋಡೇ, ಪ್ಲಾಸ್ಟಿಕ್ ಅಲ್ಲ. ಎರಡರ ಮುಚ್ಚಳದ ಮೇಲೂ ಜೋಡೆತ್ತು, ಮೈಸುತ್ತ ಜೋಳದ ತೆನೆ. ಹಲ್ಲು ಬೆಳ್ಳಗಿರುವುದರಿಂದ ಹಡಗಿನವರು ಮಸಿ ತುಂಬಿದರು. ಕೋಡು ಕಪ್ಪಗಿರುವುದರಿಂದ ಇಲ್ಲಿ ಎಲೆಯಡಿಕೆಯ ಸುಣ್ಣ ತುಂಬಿತ್ತು. ಸಮುದ್ರದ ಮೇಲೆ ಹಾಯಿ ಹೊಲಿಯುವ ಸೂಜಿ, ಶಹಾಬಾದಿನಲ್ಲಿ ಚೀಲ ಹೊಲಿಯುವ ದಬ್ಬಣ. ಬೇಸರದ ಕೈಗೆ ಎಲ್ಲಿ ಹೋದರೂ ಒಂದು ಮೊನೆ ಸಿಗುತ್ತದೆ.

ಗಾಜು ಹಿಡಿದೆ. ನೀಲಮ್ಮನ ಡಬ್ಬಿಯಲ್ಲಿ ಎತ್ತಿನ ಮೈಯ ಸಣ್ಣ ಗೀರುಗಳು ಬಲಕ್ಕೆ ವಾಲಿದ್ದವು, ಕಮಲಮ್ಮನದರಲ್ಲಿ ಎಡಕ್ಕೆ. ಡಬ್ಬಿ ತಿರುಗಿಸಿ ಹಿಡಿದು ಕೊರೆದಿರಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ದಬ್ಬಣ ಊರಿದ ಕಡೆ ಆಳ, ಎತ್ತಿದ ಕಡೆ ತೆಳು. ಎರಡು ಡಬ್ಬಿಗಳ ನಡುವೆ ಅದೂ ಎಲ್ಲಾ ಕಡೆ ಅದಲುಬದಲಾಗಿತ್ತು. ಸಂಶಯವಿರಲಿಲ್ಲ.

"ಇದನ್ನು ಕೊರೆದವನು ಎಡಚ" ಎಂದು ಕಮಲಮ್ಮನ ಡಬ್ಬಿ ಎತ್ತಿ ಹಿಡಿದು ಕಚೇರಿಯ ದನಿಯಲ್ಲಿ ಹೇಳಿದೆ. "ನಿಮ್ಮಪ್ಪ ಎಡಗೈಯವನೇನು?"

"ಇಲ್ಲರಿ, ಬಲಗೈಯಾಂವ" ಎಂದರು ಇಬ್ಬರೂ. ವರ್ಷದ ಮೇಲೆ ಇಬ್ಬರೂ ಕೂಡಿ ಆಡಿದ ಮೊದಲ ಮಾತು ಅದು.

"ಹಾಗಾದರೆ ಕಮಲಮ್ಮನ ಡಬ್ಬಿ ಕೊರೆದವನು ಬೇರೆ ಯಾರೋ."

ಕಮಲಮ್ಮ ಡಬ್ಬಿ ತೆಗೆದುಕೊಂಡು ಅದರ ಅರಿವೆಯಲ್ಲಿ ಸುತ್ತತೊಡಗಿದಳು. ಸುತ್ತಿದ್ದು ಸರಿಹೋಗದೆ ಮತ್ತೆ ಬಿಚ್ಚಿ ಸುತ್ತಿದಳು. ತಜ್ಞನಾಗುವುದು ಎಂಥ ಕೆಟ್ಟ ಕೆಲಸ ಎಂದು ನನಗೆ ಆಗ ತಿಳಿಯಿತು.

ಚಹಾ ತಂದ ಸುಭದ್ರಾ ತಟ್ಟೆ ಹಿಡಿದೇ ನಿಂತಳು. "ಆಗಿಂದ ಕೊರದಾಂವ, ಕೊರದಾಂವ ಅಂತ ಅನ್ನಾಕತ್ತೀರಿ. ಕೊರದಾಕಿ ಇರಬಾರದೇನು?" ಎಂದಳು. ಆಮೇಲೆ ಅವರ ಕಡೆ ತಿರುಗಿ, "ಯವ್ವಾ, ನಿಮ್ಮವ್ವ ಯಾವ ಕೈಲೆ ರೊಟ್ಟಿ ಬಡೀತಿದ್ದಳು?"

"ಎಡಗೈಲೆ" ಎಂದಳು ನೀಲಮ್ಮ ಮೆಲ್ಲಗೆ. "ಮಂದಿ ಮುಂದ ಎಡಗೈ ಮಾಡಿದ್ರ ನಮ್ಮಾಯಿ, ಅಪ್ಪನ ಅವ್ವ, ಬೈತಿದ್ದಳು. ಒಲೀ ಮುಂದ ಅಷ್ಟೇ ಎಡಗೈ ಬಳಸ್ತಿದ್ದಳು."

ನಮ್ಮ ಭಾಷೆಯಲ್ಲಿ ಕೆಲಸ ಮಾಡಿದವರ ಹೆಸರು ತಿಳಿಯುವ ಮೊದಲೇ ಗಂಡೋ ಹೆಣ್ಣೋ ಎಂದು ಬಾಲ ಹಚ್ಚಬೇಕಾಗುತ್ತದೆ. 'ಕೊರೆದವನು' ಎಂದು ಬಾಯಿ ತೆರೆದಾಗಲೇ ನಾನು ಅರ್ಧ ಊರನ್ನು ವಿಚಾರಣೆಯಿಂದ ಹೊರಗೆ ಕಳಿಸಿದ್ದೆ. 'ಕೊರೆದವರು' ಎಂದಿದ್ದರೆ ಪಾರಾಗುತ್ತಿದ್ದೆ. ಗಣಿಯಲ್ಲಿ ದುಡಿದವನಿಗೆ ಅಷ್ಟು ಗೌರವ ಕೊಡುವ ರೂಢಿ ನನ್ನ ನಾಲಿಗೆಗೆ ಇರಲಿಲ್ಲ. ನನಗೆ ಭಾಳ ನಾಚಿಕೆಯಾಯಿತು.

ಆ ತಾಯಿ ಅದನ್ನು ಗಂಡನ ಎದುರು ಕೂತು ಕೊರೆದಳೋ, ಅವನು ಹೋದ ಮೇಲೆ ಒಲೆಯ ಮುಂದೆ ಕೊರೆದಳೋ ಯಾರಿಗೂ ಗೊತ್ತಿಲ್ಲ. ಹೆಣ್ಣುಮಕ್ಕಳು ಇಬ್ಬರು, ಡಬ್ಬಿ ಒಂದು ಎಂಬ ಲೆಕ್ಕ ಮಾತ್ರ ಅವಳಿಗೆ ಗೊತ್ತಿತ್ತು. ಕಮಲಮ್ಮ ಸುತ್ತಿದ ಅರಿವೆ ಬಿಚ್ಚಿ, ಡಬ್ಬಿಯನ್ನು ಕೆನ್ನೆಗೆ ಹಚ್ಚಿಕೊಂಡು ಅತ್ತಳು. ನಡುವೆ ನಕ್ಕಳು ಕೂಡ. ಈಗ ಮುಖ ಸಣ್ಣದಾದದ್ದು ನೀಲಮ್ಮನದು.

"ಅಪ್ಪಂದು ನನಗ ಕೊಟ್ಟಾಳ. ತನ್ನ ಕೈಯಿಂದು ನಿನಗ ಕೊಟ್ಟಾಳ" ಎಂದಳು.

ಒಂದು ಜಗಳ ಮುಗಿಸಿ ಇನ್ನೊಂದಕ್ಕೆ ಅಡಿಪಾಯ ಹಾಕಿದೆನಲ್ಲ ಎಂದು ನಾನು ಚಹಾದಲ್ಲಿ ಮುಖ ಮರೆಸಿದೆ. ಕಮಲಮ್ಮ ಎದ್ದು ಹೋಗಿ ಅಕ್ಕನ ಪಕ್ಕ ಕೂತಳು. ತನ್ನ ಡಬ್ಬಿಯ ಮುಚ್ಚಳ ತೆಗೆದು ಅಕ್ಕನ ಡಬ್ಬಿಯ ಮೇಲೆ ಇಟ್ಟು ಒತ್ತಿದಳು. ಸ್ವಲ್ಪ ಬಿಗಿಯಾಯಿತು, ಆದರೆ ಕೂತಿತು. ಅಕ್ಕನ ಮುಚ್ಚಳ ತನ್ನದಕ್ಕೆ ಹಾಕಿಕೊಂಡಳು. ಅದು ಸ್ವಲ್ಪ ಸಡಿಲ.

"ತಪಕೀರ ಚೆಲ್ಲತದ" ಎಂದಳು ನೀಲಮ್ಮ.

"ಚೆಲ್ಲಲಿ ಬಿಡು. ಏಳು, ಬಸ್ ಹೋಗ್ತದ" ಎಂದಳು ಕಮಲಮ್ಮ. ಇಬ್ಬರೂ ಕೂಡಿಯೇ ಬಸ್‌ಸ್ಟ್ಯಾಂಡಿಗೆ ನಡೆದರು.

ಮುಂದೆ ಯಾವತ್ತೋ ನನ್ನಂಥ ಜಾಣನೊಬ್ಬ ಆ ಡಬ್ಬಿಗಳನ್ನು ಪರೀಕ್ಷೆ ಮಾಡಿ, ಮುಚ್ಚಳ ಒಂದು ಕೈಯದು, ಬುಡ ಇನ್ನೊಂದು ಕೈಯದು, ಇದು ಕಲಬೆರಕೆ ಮಾಲು ಎಂದು ತೀರ್ಪು ಕೊಡುತ್ತಾನೆ. ಅವನು ಹೇಳುವುದರಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ.