ವಿಷ ತೂಗುತ್ತಿದ್ದ ಅತ್ತೆ

ನನ್ನ ಸೋದರತ್ತೆ ಹನ್ನೊಂದು ವರ್ಷ ಹಾವಿನ ವಿಷ ತೂಗಿದರು. ಹಾವು ಕಚ್ಚಿದವರಿಗೆ ಕೊಡುವ ಔಷಧಿ ತಯಾರಿಸುವ ಕಡೆ ಅವರ ಕೆಲಸ. ವಿಷ ಒಣಗಿದರೆ ಹಳದಿ ಪುಡಿಯಾಗುತ್ತದೆ. ಅದನ್ನು ತೂಗಿ ಪುಟ್ಟ ಸೀಸೆಗಳಿಗೆ ತುಂಬಬೇಕು. ಆಮೇಲೆ ಅದನ್ನು ಕುದುರೆಗಳಿಗೆ ಚುಚ್ಚುತ್ತಾರೆ. ಮೊದಲು ತೀರಾ ಸ್ವಲ್ಪ, ಬರಬರುತ್ತ ಹೆಚ್ಚು. ಕುದುರೆಯ ರಕ್ತ ವಿಷವನ್ನು ಎದುರಿಸಲು ಕಲಿಯುತ್ತದೆ. ಆ ರಕ್ತದಿಂದಲೇ ಔಷಧಿ.

ಹಾವು ಹಿಡಿದು ವಿಷ ತೆಗೆಯುವವರು ಅತ್ತೆಯ ಸ್ವಂತ ಮೈದುನ. ನಮಗೆಲ್ಲ ಅವರು ಹಾವುಮಾವ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಹಾವುಮಾವನಿಗೆ ಎರಡು ಸಲ ಹಾವು ಕಚ್ಚಿತ್ತು. ಎರಡು ಸಲವೂ ಸನ್ಮಾನ ಆಯಿತು.

"ಕಚ್ಚಿಸಿಕೊಂಡೋನಿಗೆ ಹಾರ, ನೆಟ್ಟಗೆ ಕೆಲಸ ಮಾಡಿದೋಳಿಗೆ ಹಾಜರಿ ಪುಸ್ತಕ" ಎಂದು ಅತ್ತೆ ಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದರು.

ತಾವು ತೂಗುವ ಮೇಜೊಂದೇ ಅವರ ಹೆಮ್ಮೆ. ಅವರಷ್ಟು ಸರಿಯಾಗಿ ಯಾರೂ ತೂಗುತ್ತಿರಲಿಲ್ಲ. ಆದರೆ ಪುಡಿಯನ್ನು ಹೊರಗೆಳೆಯುವ ಫ್ಯಾನ್ ಓಡಿದರೆ ತಕ್ಕಡಿಯ ಅಂಕಿ ಕುಣಿಯುತ್ತದೆಂದು ಅದನ್ನು ಆರಿಸಿಬಿಡುತ್ತಿದ್ದರು. ಕನ್ನಡಕ ಮಂಜಾಗುತ್ತದೆಂದು ಮಾಸ್ಕನ್ನು ಗಲ್ಲಕ್ಕೆ ಇಳಿಸುತ್ತಿದ್ದರು.

ಎರಡು ವರ್ಷದ ಹಿಂದೆ ಸೀನು ಶುರುವಾಯಿತು. ಆಮೇಲೆ ಕಣ್ಣು ಕೆಂಪಾಗತೊಡಗಿತು, ಮಣಿಕಟ್ಟು ತುರಿಸತೊಡಗಿತು. ಭಾನುವಾರ ಮಾತ್ರ ಏನೂ ಇರುತ್ತಿರಲಿಲ್ಲ. ಅಲ್ಲಿನ ಎಲ್ಲರಂತೆ ಅತ್ತೆಗೂ ಕುದುರೆಯ ವಿಷಯ ಗೊತ್ತಿತ್ತು. ಅದರಿಂದಲೇ ಲೆಕ್ಕ ತಪ್ಪಿದರು.

"ದಿನಾ ಚೂರು ಚೂರು ಮೂಗಿಗೆ ಹೋದ್ರೆ ನನ್ನ ಮೈಯೂ ಗಟ್ಟಿಯಾಗುತ್ತೆ. ಈಗ ನಂಗೆ ಕಚ್ಚಿದ್ರೆ ಹಾವೇ ಸಾಯುತ್ತೆ" ಎನ್ನುತ್ತಿದ್ದರು.

ಮುಂದಿನದನ್ನು ಆ ದಿನ ತೂಗುವ ಕೋಣೆಯಲ್ಲಿದ್ದ ಮೂವರನ್ನು ಬೇರೆ ಬೇರೆಯಾಗಿ ಕೇಳಿ ಬರೆದಿದ್ದೇನೆ.

ಒಂದು ಬೆಳಿಗ್ಗೆ ಹಾವುಮಾವ ವಿಭಾಗದ ಮೇಡಂ ಅವರನ್ನು ಕರೆದುಕೊಂಡೇ ಬಂದರು.

"ಅತ್ತಿಗೆ, ಅಲ್ಲಿಂದ ಏಳಿ. ನೀವು ಸೀನೋದನ್ನ ಮೇಡಂಗೆ ನಾನೇ ಹೇಳಿದ್ದೀನಿ."

"ಹಾವಿನ ನಾಲಿಗೆ ನೋಡಿ ನೋಡಿ ನಿನ್ನ ನಾಲಿಗೇನೂ ಸೀಳಿಹೋಯ್ತು ನೋಡು" ಎಂದರು ಅತ್ತೆ. "ಈ ಮೇಜೇನು ನಿಮ್ಮಪ್ಪಂದಾ?"

"ನಮ್ಮಪ್ಪ ನಿಮಗೆ ಮಾವ. ನೆನಪಿರಲಿ."

ಯಾರೋ ನಕ್ಕರು. ಅತ್ತೆಗೆ ಮೈಯೆಲ್ಲ ಉರಿಯಿತು.

"ಡಾಕ್ಟರಿಗೆ ತೋರಿಸೋವರೆಗೂ ನೀವು ತೂಗೋ ಹಾಗಿಲ್ಲ" ಎಂದರು ಮೇಡಂ.

"ನಿಮ್ಮೆದುರಿಗೇ ಒಂದು ಸೀಸೆ ತೂಗ್ತೀನಿ. ಒಂದು ಸೀನು ಬಂದ್ರೂ ಎದ್ದು ಹೋಗ್ತೀನಿ."

ಬೇಡ ಬೇಡ ಎನ್ನುವಷ್ಟರಲ್ಲಿ ಮುಚ್ಚಳ ತೆಗೆದಾಗಿತ್ತು. ಅತ್ತೆ ಚಮಚವನ್ನು ಬೆರಳಿನಿಂದ ಎರಡು ಸಲ ತಟ್ಟಿದರು. ಅಂಕಿ ಸರಿಯಾಗಿ ನಿಂತಿತು. ಸೀನು ಬರಲಿಲ್ಲ. "ಈಗೇನಂತೀಯ?" ಎಂದು ಮೈದುನನ ಕಡೆ ತಿರುಗಿದರು.

ಆಗ ಅಂಗೈ ತುರಿಸತೊಡಗಿತು. ತುಟಿ ದಪ್ಪವಾಯಿತು, ಕತ್ತಿನ ಮೇಲೆ ಕೆಂಪು ಗಂಧೆಗಳು ಎದ್ದವು. ಮಾತನಾಡಲು ಹೋದರೆ ಗಂಟಲಿನಿಂದ ಸಿಳ್ಳೆಯಂಥ ಸದ್ದು ಬಂತು. ಮೇಜಿನ ಅಂಚು ಹಿಡಿದುಕೊಂಡೇ ಕೆಳಗೆ ಜಾರಿದರು. ಒಬ್ಬರು ಗಾಬರಿಯಲ್ಲಿ ತಾವೇ ತಯಾರಿಸುವ ಔಷಧಿ ತರಲು ಓಡಿದರು.

"ಅದಲ್ಲ! ಇದು ಕಚ್ಚಿದ್ದಲ್ಲ, ಅಲರ್ಜಿ!" ಎಂದು ಹಾವುಮಾವ ಕೂಗಿ, ಗೋಡೆಯ ಪೆಟ್ಟಿಗೆಯಿಂದ ಅಲರ್ಜಿಗೆ ಕೊಡುವ ಅಡ್ರಿನಲಿನ್ ಸೂಜಿ ತೆಗೆದು, ಸೀರೆಯ ಮೇಲಿನಿಂದಲೇ ತೊಡೆಗೆ ಚುಚ್ಚಿದರು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಉಸಿರು ಸ್ವಲ್ಪ ಸಡಿಲವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು: "ನಿಮ್ಮ ಮೈ ಗಟ್ಟಿಯಾಗಿಲ್ಲಮ್ಮ. ವಿಷದ ಪುಡಿ ಚೂರು ಮೂಗಿಗೆ ಹೋದರೆ ಸಾಕು, ನಿಮ್ಮ ಮೈಯೇ ನಿಮ್ಮನ್ನ ಹೊಡೆಯೋಕೆ ಶುರುಮಾಡುತ್ತೆ. ಇನ್ನು ಆ ಕೋಣೆಗೆ ಕಾಲಿಡಬೇಡಿ."

ಸಂಜೆ ಹಾವುಮಾವ ಬಂದು ಬಾಗಿಲಲ್ಲಿ ನಿಂತರು.

"ಗೆದ್ಯಲ್ಲ, ಖುಷಿನಾ?" ಎಂದರು ಅತ್ತೆ.

"ಉಸಿರಾಡ್ತಾ ಇದ್ದೀರಲ್ಲ ಅತ್ತಿಗೆ, ಅಷ್ಟು ಸಾಕು."

"ನನ್ನ ಮೇಜಲ್ಲಿ ಕೂರೋಳಿಗೆ ಹೇಳ್ಕೋ ಅದನ್ನ. ನಡಿ ಆಚೆ."

ಈಗ ಅತ್ತೆ ಬೇರೆ ಕಟ್ಟಡದಲ್ಲಿ ಸೀಸೆಗಳಿಗೆ ಲೇಬಲ್ ಅಂಟಿಸುತ್ತಾರೆ. ಒಂದೂ ಓರೆಯಾಗುವುದಿಲ್ಲ. ಮೈದುನನನ್ನು ಇವತ್ತಿಗೂ ಮಾತಾಡಿಸುವುದಿಲ್ಲ. ಜೀವ ಉಳಿಸಿದವನಲ್ಲವೇ ಎಂದು ಅಪ್ಪ ಒಮ್ಮೆ ಮೆಲ್ಲಗೆ ಕೇಳಿ ನೋಡಿದರು.

"ಉಳಿಸು ಅಂತ ನಾನು ಕೇಳಿದ್ನಾ?" ಎಂದರು ಅತ್ತೆ.