ನಾಕಾದ ಅಡ್ಡಮರ

ಯಾರಾದರೂ ದೆವ್ವ ಕಂಡೆ ಎಂದರೆ, ಹೊಟ್ಟೆಗೆ ಏನಾದರೂ ಹಾಕಿಕೊಂಡಿದ್ದೆಯೋ ಇಲ್ಲವೋ ಎಂದು ಮೊದಲು ಕೇಳುತ್ತಿದ್ದವನು ನಾನು. ಧಾರವಾಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಇಂಥ ಕಥೆ ಹೇಳುವ ಹುಡುಗರನ್ನು ತರಗತಿಯಲ್ಲಿ ನಿಲ್ಲಿಸಿ ನಗೆಗೀಡು ಮಾಡಿದ್ದೂ ಉಂಟು. ಹೀಗಾಗಿ ನನಗೇ ನಡೆದ ಈ ಸಂಗತಿಯನ್ನು ಹೇಳಲು ಸಂಕೋಚವಾಗುತ್ತದೆ. ನಂಬಿರೆಂದು ಕೇಳುವುದಿಲ್ಲ. ನಡೆದದ್ದಷ್ಟನ್ನು ಹೇಳುತ್ತೇನೆ.

ನಮ್ಮ ಅಡ್ಡಹೆಸರು ನಾಕೇದಾರ. ಬ್ರಿಟಿಷರ ಕಾಲದಲ್ಲಿ ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ, ಸತ್ತೂರಿನ ಹತ್ತಿರ, ಒಂದು ಸುಂಕದ ನಾಕಾ ಇತ್ತಂತೆ. ರಸ್ತೆಗೆ ಅಡ್ಡವಾಗಿ ಒಂದು ದಪ್ಪ ಮರ ಹಾಕಿರುತ್ತಿದ್ದರು. ಸುಂಕ ಕೊಟ್ಟ ಗಾಡಿಗೆ ಅದನ್ನೆತ್ತಿ ದಾರಿ ಬಿಡಬೇಕು. ಆ ನಾಕಾದ ಉಸ್ತುವಾರಿ ನನ್ನ ಮುತ್ತಜ್ಜನದಾಗಿತ್ತು. ಮನೆಯಲ್ಲಿ ಈ ಮಾತನ್ನು ಹೆಮ್ಮೆಯಿಂದಲೇ ಆಡುತ್ತಿದ್ದೆವು.

ಆ ಹೆಮ್ಮೆ ಇಳಿದದ್ದು ನನ್ನ ತಂಗಿ ಗಂಗಾಳ ಮದುವೆಯ ಮಾತುಕತೆ ನಡೆದಾಗ. ಅದು ಅರವತ್ತೊಂದನೆಯ ಇಸವಿ. ಹುಡುಗ ನನ್ನ ಜೊತೆಯ ಮಾಸ್ತರ, ಗಂಗಾಳಿಗೂ ಮನಸ್ಸಿತ್ತು. ಆದರೆ ಹುಡುಗನ ಅಜ್ಜ ಈಶ್ವರಪ್ಪನವರು ನಮ್ಮ ಅಡ್ಡಹೆಸರು ಕೇಳಿದ್ದೇ ತಡ, ಕುಡಿಯುತ್ತಿದ್ದ ಚಹಾವನ್ನು ಕೆಳಗಿಟ್ಟರು. ಅವರ ತಾಯಿಗೆ ಹೆರಿಗೆ ಕಷ್ಟವಾಗಿ ಚಕ್ಕಡಿಯಲ್ಲಿ ಧಾರವಾಡಕ್ಕೆ ಒಯ್ಯುತ್ತಿದ್ದರಂತೆ. ನಾಕಾದಲ್ಲಿ ಗಾಡಿ ನಿಂತಿತು. ಈಶ್ವರಪ್ಪನವರು ಹುಟ್ಟಿದ್ದೂ ಅಲ್ಲೇ, ತಾಯಿ ತೀರಿಕೊಂಡದ್ದೂ ಅಲ್ಲೇ.

"ನಿಮ್ಮ ಮುತ್ತಜ್ಜ ಅಡ್ಡಮರ ಎತ್ತಲಿಲ್ಲ, ಮಾಸ್ತರ" ಎಂದರು ಅವರು, ದನಿ ಏರಿಸದೆ. "ಎತ್ತಿದ್ದ ಅಂತ ಸರಕಾರದ ಒಂದು ಕಾಗದ ತೋರಸ್ರಿ. ನಾಳೇನ ಮದುವಿ ಅಕ್ಕಿಕಾಳ ಹಾಕೂಣು."

ನಮ್ಮ ಮನೆಯಲ್ಲಿ ಕೇಳಿದ್ದು ಬೇರೆ. ಗಾಡಿ ದೂರದಲ್ಲಿ ಕಂಡ ಕೂಡಲೇ ಮುತ್ತಜ್ಜ ಒಬ್ಬನೇ ಮರವನ್ನೆತ್ತಿ ದಾರಿ ಬಿಟ್ಟಿದ್ದನೆಂದು ನನ್ನ ತಂದೆ ಹೇಳುತ್ತಿದ್ದರು. ಆಗ ವಿಚಾರಣೆಯೂ ಆಗಿತ್ತಂತೆ. ವಿಚಾರಣೆ ಆಗಿದ್ದರೆ ಕಾಗದ ಇರಲೇಬೇಕು ಎಂದು ನಾನು ಹುಡುಕಲು ಹೊರಟೆ.

ಆ ಒಂದು ವರ್ಷವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಧಾರವಾಡದ ಕಚೇರಿಯಲ್ಲಿ ಹಳೆಯ ಕಾಗದಗಳ ದಫ್ತರ ಬೆಳಗಾವಿಗೆ ಹೋಗಿದೆ ಎಂದರು. ಬೆಳಗಾವಿಗೆ ಹೋದರೆ, ರಾಜ್ಯ ಬೇರೆಯಾಗುವ ಮೊದಲಿನ ಕಾಗದವೆಲ್ಲ ಮುಂಬೈಯಲ್ಲಿ ಎಂದರು. ಮುಂಬೈಗೆ ಮೂರು ಪತ್ರ ಬರೆದೆ. ನಾಲ್ಕು ತಿಂಗಳ ಮೇಲೆ ಉತ್ತರ ಬಂತು: ಧಾರವಾಡದಲ್ಲಿ ವಿಚಾರಿಸುವುದು. ಪುನಃ ಹೋದಾಗ ಗುಮಾಸ್ತರು ನನ್ನ ಅರ್ಜಿಯನ್ನು ಓದದೆಯೇ ಮಡಚಿ ಕೈಗೆ ಕೊಟ್ಟರು. ರಜೆಗಳು ತೀರಿದವು. ಹುಡುಗನೂ ನನ್ನನ್ನು ಕಂಡರೆ ತಲೆ ತಗ್ಗಿಸಿ ಹೋಗತೊಡಗಿದ. ಒಂದು ದಿನ ಗಂಗಾ ಕೇಳಿದಳು: "ಅಣ್ಣಾ, ಸತ್ತಾಕಿ ಹೆಸರರ ಗೊತ್ತೈತೇನ ನಿನಗ?" ಗೊತ್ತಿರಲಿಲ್ಲ. ವರ್ಷವಿಡೀ ನಾನು ನನ್ನ ಮುತ್ತಜ್ಜನ ಹೆಸರನ್ನಷ್ಟೇ ಹುಡುಕಿದ್ದೆ.

ಕೊನೆಗೆ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಹಳೆಯ ರಸ್ತೆಗಳ ಕಾಗದವಿದೆ ಎಂದು ಯಾರೋ ಹೇಳಿದರು. ಬೇಸಿಗೆಯ ರಜೆಯಲ್ಲಿ ಹೋದೆ. ಆ ಕಟ್ಟುಗಳೆಲ್ಲ ಗೆದ್ದಲು ಹಿಡಿದವೆಂದು ಹಿಂದಿನ ವರ್ಷವೇ ಸುಟ್ಟಿದ್ದರು. ಇನ್ನು ಹೋಗಲು ಯಾವ ಕಚೇರಿಯೂ ಉಳಿದಿರಲಿಲ್ಲ. ಮಧ್ಯಾಹ್ನದ ಬಸ್ಸು ಹತ್ತಿ ಧಾರವಾಡಕ್ಕೆ ಹೊರಟೆ. ಯಾರಾದರೂ ಒಂದು ಮಾತು ಹೆಚ್ಚು ಆಡಿದ್ದರೆ ಜಗಳವನ್ನೇ ತೆಗೆಯುತ್ತಿದ್ದೆನೇನೋ.

ಸತ್ತೂರಿನ ಹತ್ತಿರ ಬಸ್ಸು ಗಕ್ಕನೆ ನಿಂತಿತು. ಡ್ರೈವರ್ ಹುಸೇನಸಾಬ ಎಂಬ ಐವತ್ತರ ಆಸುಪಾಸಿನ ಮನುಷ್ಯ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಿದ್ದ. ಏನಾಯಿತೆಂದು ಕಂಡಕ್ಟರ್ ಕೇಳಿದ.

"ಅಡ್ಡಮರ ಬಿದ್ದೈತಲ್ಲ. ಯಾರರ ಇಳದು ಎತ್ರಿ."

ಎದುರಿಗೆ ಬಿಸಿಲು ಬಿದ್ದ ಖಾಲಿ ರಸ್ತೆ. ಕಂಡಕ್ಟರ್ ಇಳಿದು ಹತ್ತು ಹೆಜ್ಜೆ ನಡೆದು ನೋಡಿ ಬಂದ, ಏನೂ ಇಲ್ಲ. ಜನ ಬೈಯತೊಡಗಿದರು. ಹುಸೇನಸಾಬ ಸಿಟ್ಟಾಗಲಿಲ್ಲ. ತನ್ನ ಕಣ್ಣಿಗೆ ಕಾಣುತ್ತಿರುವಾಗ ಅದರ ಮೇಲೆ ಗಾಡಿ ಹೇಗೆ ಬಿಡಲಿ ಎಂದ, ಅಷ್ಟೇ.

ಆ ಬಸ್ಸಿನಲ್ಲಿ ನನ್ನ ಗುರುತಿನವರು ಒಬ್ಬರೂ ಇರಲಿಲ್ಲ. ಆದರೂ ಯಾರೋ ನನ್ನನ್ನು ಅಣಕಿಸುತ್ತಿದ್ದಾರೆಂದೇ ಅನ್ನಿಸಿತು. ಸಿಟ್ಟಿನಿಂದ ಇಳಿದು ಬಸ್ಸಿನ ಮುಂದೆ ಹೋಗಿ, ಎಲ್ಲಿದೆ ತೋರಿಸು ಎಂದು ಕೂಗಿದೆ.

"ನಿಮ್ಮ ಮೊಣಕಾಲಿಗೆ ಹತ್ತೇತ್ರಿ" ಎಂದ.

ಏನೂ ಇಲ್ಲವೆಂದು ತೋರಿಸಲು ಬಗ್ಗಿ ಗಾಳಿಯಲ್ಲಿ ಕೈಯಾಡಿಸಿದೆ. ಕೈಗೆ ಕಟ್ಟಿಗೆ ತಗುಲಿತು.

ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಕಣ್ಣಿಗೆ ರಸ್ತೆಯ ಧೂಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅಂಗೈಯಲ್ಲಿ ಒರಟಾದ, ಬಿಸಿಲಿಗೆ ಕಾದ ಮರವಿತ್ತು. ಬಿಟ್ಟು ಓಡಬೇಕಿತ್ತು. ಅದರ ಬದಲು ಎತ್ತಿದೆ. ಸೊಂಟದ ತನಕ ಎತ್ತುವುದರೊಳಗೆ ಉಸಿರು ಕಟ್ಟಿತು. ಎದೆಮಟ್ಟಕ್ಕೆ ಬಂದಾಗ ಕೈಯಿಂದ ಜಾರಿ, ತಾನೇ ಮೇಲಕ್ಕೆ ಹೋಯಿತು. ಹಿಂದೆ ಹುಸೇನಸಾಬ ಗೇರು ಹಾಕಿದ ಸದ್ದು ಕೇಳಿಸಿತು.

ಜನ ಕಂಡದ್ದು, ಒಬ್ಬ ಮಾಸ್ತರ ಬರಿಗಾಳಿಯನ್ನು ಎತ್ತಿದ್ದನ್ನು. ಒಂದಿಬ್ಬರು ನಕ್ಕರು. ನನ್ನ ಅಂಗೈಗಳು ಕೆಂಪಾಗಿದ್ದವು, ಆದರೆ ಗಟ್ಟಿಯಾಗಿ ಮುಷ್ಟಿ ಬಿಗಿದರೂ ಕೈ ಕೆಂಪಾಗುತ್ತದೆ.

ಮನೆಗೆ ಹೋಗದೆ ನೇರವಾಗಿ ಈಶ್ವರಪ್ಪನವರಲ್ಲಿಗೆ ಹೋದೆ. ಕಾಗದ ಸಿಗಲಿಲ್ಲ, ಆದರೆ ಹೀಗಾಯಿತು ಎಂದು ಒಂದೂ ಬಿಡದೆ ಹೇಳಿದೆ. ಅವರು ನಗಲಿಲ್ಲ.

"ಇವತ್ತ ನೀವು ಎತ್ತಿದ್ರಿ ಅಂದ್ರ, ಅಲ್ಲೀತನಕಾ ಅದು ಕೆಳಗ ಇತ್ತು ಅಂದಂಗಾತಲ್ಲ, ಮಾಸ್ತರ?"

ಮುತ್ತಜ್ಜನ ಪರವಾಗಿ ನನಗೆ ಸಿಕ್ಕ ಒಂದೇ ಸಾಕ್ಷಿಯನ್ನು ನಾನೇ ತಂದು ಎದುರಿನವರ ಕೈಗೆ ಕೊಟ್ಟಿದ್ದೆ. ಸಂಬಂಧ ಮುರಿಯಿತು. ಯಾಕೆ ಹೇಳಲು ಹೋದೆ ಎಂದು ಗಂಗಾ ಎಷ್ಟೋ ದಿನ ನನ್ನೊಡನೆ ಮಾತು ಬಿಟ್ಟಳು. ಎರಡು ವರ್ಷದ ಮೇಲೆ ಗದಗಿನಲ್ಲಿ ಅವಳ ಮದುವೆಯಾಯಿತು, ಚೆನ್ನಾಗಿದ್ದಾಳೆ. ಹುಸೇನಸಾಬನನ್ನೂ ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿ ಹಿಡಿದೆ. ತಾನು ಕಂಡದ್ದು ಖರೆ, ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ ಎಂದು ಹೇಳಿ ಎದ್ದುಹೋದ.

ಅಂದು ಈಶ್ವರಪ್ಪನವರ ಮನೆಯಿಂದ ಹೊರಟಾಗಿನ ಒಂದು ಮಾತು ಬಿಟ್ಟೆ. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುತ್ತಿದ್ದೆ. ಮುದುಕರು ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದರು.

"ಮರ ಭಾಳ ವಜ್ಜಾ ಇತ್ತೇನ್ರಿ?"

"ಹೌದ್ರಿ. ಒಬ್ಬನ ಕೈಲೆ ಏಳೂವಂಥಾದ್ದಲ್ಲ" ಎಂದೆ.

ಅವರು ತಲೆಯಾಡಿಸಿದರು. ನನ್ನ ಕೈಗಳನ್ನೊಮ್ಮೆ ನೋಡಿ ಒಳಗೆ ಹೋದರು. ಮುತ್ತಜ್ಜ ಎತ್ತಲಿಲ್ಲವೆಂದೋ, ಒಬ್ಬನಿಂದ ಎತ್ತಲಾಗಲಿಲ್ಲವೆಂದೋ, ಆ ಮಾತಿನಲ್ಲಿ ಅವರಿಗೇನು ತಿಳಿಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಒಬ್ಬನಿಂದ ಏಳದ ಮರವನ್ನು ನಾನು ಹೇಗೆ ಎತ್ತಿದೆ ಎಂಬುದೂ ಗೊತ್ತಿಲ್ಲ.